ಗಿರಿಜಾಗೆ ನಾನು ಮಾಡಿಕೊಟ್ಟ ಅನುವಾದ

ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ನಾನು ಮೂವತ್ತು ವರ್ಷ ಅನುವಾದಕನಾಗಿದ್ದೆ. ಇಂಗ್ಲಿಷಿನ ಸುತ್ತೋಲೆಗಳನ್ನು ಹಿಂದಿಗೆ ಇಳಿಸುವುದು ಕೆಲಸ. ಮೂಲದಲ್ಲಿ ಇದ್ದದ್ದು ಬಿಡಬಾರದು, ಇಲ್ಲದ್ದು ಸೇರಿಸಬಾರದು ಎಂದು ಕಿರಿಯರ ತಲೆ ತಿನ್ನುತ್ತಿದ್ದೆ. ಒಂದು ಅಲ್ಪವಿರಾಮ ತಪ್ಪಿದರೂ ಹಾರಾಡುತ್ತಿದ್ದೆ. ಇಷ್ಟೆಲ್ಲ ಶಿಸ್ತಿನ ಮನುಷ್ಯ, ಡಾಕ್ಟರು ನನ್ನ ಹೆಂಡತಿಯ ಬಗ್ಗೆ ಆಡಿದ ಒಂದೇ ಒಂದು ವಾಕ್ಯವನ್ನೂ ಎಂಟು ತಿಂಗಳ ಕಾಲ ಅವಳಿಗೆ ಸರಿಯಾಗಿ ದಾಟಿಸಲಿಲ್ಲ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಎನ್ನುವ ಗಾದೆ ನನ್ನಂಥವನನ್ನು ನೋಡಿಯೇ ಹುಟ್ಟಿರಬೇಕು.

ಆಸ್ಪತ್ರೆಗಳಿಗೆ ಹೋದಾಗ ಇವತ್ತಿಗೂ ನನ್ನಂಥ ಗಂಡಸರನ್ನು ಕಾಣುತ್ತೇನೆ. ಡಾಕ್ಟರ ಕೋಣೆಯಿಂದ ಹೊರಬಂದು, ಬೆಂಚಿನ ಮೇಲೆ ಕಾಯುತ್ತಿರುವವಳ ಹತ್ತಿರ ಹೋಗುವ ಮುಂಚೆ ಒಂದು ಗಳಿಗೆ ಗೋಡೆ ಕಡೆ ತಿರುಗಿ ಮುಖ ಸರಿಮಾಡಿಕೊಳ್ಳುತ್ತಾರೆ. ಅವರ ತೋಳು ಹಿಡಿದು ಏನೋ ಹೇಳಬೇಕೆನಿಸುತ್ತದೆ, ಹೇಳುವುದಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಗದಗಿನ ಕಡೆಯವರು. ವರ್ಗಾವಣೆ ನಮ್ಮನ್ನು ಔರಂಗಾಬಾದಿಗೆ ತಂದು ಹಾಕಿತ್ತು. ಈಗ ಆ ಊರಿಗೆ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗಿರಿಜಾಗೆ ಮೂವತ್ತಾರು ವರ್ಷ. ಮದುವೆಯಾಗಿ ಹದಿನಾರು ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಅವಳು ಏಳನೇ ಇಯತ್ತೆಯವರೆಗೆ ಕನ್ನಡ ಸಾಲಿ ಕಲಿತವಳು. ಮರಾಠಿಯಲ್ಲಿ ಅವಳಿಗೆ ಬರುತ್ತಿದ್ದದ್ದು ತರಕಾರಿಗಳ ಹೆಸರು ಮತ್ತು ದರ ಕೇಳುವ 'ಕೇವಢ್ಯಾಲಾ' ಎಂಬ ಒಂದು ಮಾತು. ಅಷ್ಟೇ ಬಂಡವಾಳದ ಮೇಲೆ ಇಡೀ ಸಂತೆ ಗೆದ್ದು ಬರುತ್ತಿದ್ದಳು. ಮಿಕ್ಕಿದ್ದಕ್ಕೆಲ್ಲ ನಾನಿದ್ದೆನಲ್ಲ.

ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಹೋಗುತ್ತಿದ್ದುದನ್ನು ನಾಚಿಕೆಯಿಂದ ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದಳು. ಕೊನೆಗೆ ದೊಡ್ಡಾಸ್ಪತ್ರೆಗೆ ಹೋದೆವು. ಆ ವಿಭಾಗದ ಬಾಗಿಲ ಮೇಲೆ ರೋಗದ ಹೆಸರನ್ನು ಮರಾಠಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದರು. ಅದರ ಕೆಳಗಿನ ಬೆಂಚಿನ ಮೇಲೆಯೇ ಗಿರಿಜಾ ಕೂತಳು. ಅವಳಿಗೆ ಆ ಅಕ್ಷರ ಬರುತ್ತಿರಲಿಲ್ಲ. ಡಾಕ್ಟರು ಅವಳೆದುರಿಗೇ ನನಗೆ ಮರಾಠಿಯಲ್ಲಿ ಎಲ್ಲ ಹೇಳಿದರು. ಕ್ಯಾನ್ಸರ್ ಎಂದಿದ್ದರೆ ಅವಳಿಗೂ ತಿಳಿಯುತ್ತಿತ್ತು. ಅವರು ತಮ್ಮ ರೂಢಿಯಂತೆ 'ಸಿ.ಎ.' ಎಂದರು. ಗರ್ಭಚೀಲದ ಬಾಯಿಗೆ ಆಗಿದೆ, ಹಬ್ಬಿದೆ, ವಾಸಿಯಾಗುವ ಹಂತ ದಾಟಿದೆ, 'ಶೇಕ್' ಕೊಟ್ಟರೆ ಒಂದಿಷ್ಟು ತಿಂಗಳು ಸಿಗಬಹುದು ಎಂದರು. ನಮ್ಮ ಕಡೆ ಜನ ಕರೆಂಟ್ ಕೊಡುವುದು ಎನ್ನುವ ವಿಕಿರಣ ಚಿಕಿತ್ಸೆಗೆ ಅಲ್ಲಿನವರು ಶೇಕ್, ಅಂದರೆ ಶಾಖ, ಎನ್ನುತ್ತಾರೆ.

"ಏನಂದ್ರು ಅವ್ರು?" ಎಂದಳು ಗಿರಿಜಾ.

"ಗರ್ಭಚೀಲದಾಗ ಬಾವು ಆಗೇತಂತ. ಶಾಖ ಕೊಟ್ರ ಇಳೀತೈತಿ ಅಂತ."

"ಅಷ್ಟ ಹೇಳಾಕ ಇಷ್ಟೊತ್ತು ಮಾತಾಡಿದ್ರ?"

"ಮರಾಠಿಯೊಳಗ ಹಂಗ. ಉದ್ದ ಆಗತೈತಿ."

ಅವಳು ನಕ್ಕಳು. ಮೊದಲ ಸುಳ್ಳು ಇಷ್ಟು ಸಲೀಸಾಗಿ ಹೋಯಿತು. ಒಂದೆರಡು ದಿನ ಬಿಟ್ಟು, ಧೈರ್ಯ ಬಂದಮೇಲೆ ಹೇಳೋಣ ಎಂದುಕೊಂಡಿದ್ದೆ. ಧೈರ್ಯ ಬರಲಿಲ್ಲ, ಸುಳ್ಳಿಗೆ ಮಾತ್ರ ಕೈಕಾಲು ಬಂತು.

ಶೇಕ್ ಕೊಡುವ ದಿನಗಳಲ್ಲಿ ಹೊಟ್ಟೆಯ ಮೇಲೆ ನೇರಳೆ ಶಾಯಿಯಿಂದ ಗೆರೆ ಎಳೆದಿದ್ದರು, ತೊಳೆಯಬಾರದು ಎಂದಿದ್ದರು. "ನಮ್ಮವ್ವ ಹಚ್ಚಿ ಹಾಕಿಸ್ಕೋ ಅಂದ್ರ ಅತ್ತಿದ್ದೆ, ಈಗ ಸರಕಾರದವರು ಪುಕ್ಕಟ ಹಾಕ್ಯಾರ" ಎನ್ನುತ್ತಿದ್ದಳು. ನಾಲ್ಕನೆಯ ವಾರವಿರಬೇಕು, ಸರದಿಗಾಗಿ ಕೂತಿದ್ದಾಗ ಸೆರಗಿನ ತುದಿ ಸುತ್ತುತ್ತಾ ಮೆಲ್ಲಗೆ ಕೇಳಿದಳು: "ಬಾವು ಇಳದ್ರ, ಒಂದು ಕೂಸು ಆಗಬಹುದೇನ್ರಿ? ಇಷ್ಟು ವರ್ಷ ಅದರ ಸಲುವಾಗಿನ ನಿಂತಿಲ್ಲೋ ಏನೋ. ಡಾಕ್ಟರ್‌ಗೆ ಕೇಳ್ರಿ ಒಂದಪಾ."

ಒಳಗೆ ಹೋದೆವು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಡಾಕ್ಟರಿಗೆ ಮರಾಠಿಯಲ್ಲಿ, ಇವಳು ಮೊಸರು ತಿನ್ನಬಹುದೇ ಎಂದು ಕೇಳಿದೆ. ಅಗತ್ಯವಾಗಿ ತಿನ್ನಲಿ ಎಂದು ಅವರು ನಕ್ಕು ತಲೆಯಾಡಿಸಿದರು. ಆ ನಗುವನ್ನು ನೋಡಿದ ಗಿರಿಜಾಳ ಮುಖ ಅರಳಿತು.

"ಏನಂದ್ರು?"

"ಮದಲ ಆರಾಮ ಆಗಲಿ, ಆಮ್ಯಾಲ ನೋಡೂಣಂತ."

ಅವತ್ತಿನಿಂದ ಅವಳು ಶಾಖಕ್ಕೆ ಹೋಗುವಾಗ ಮುಖ ತೊಳೆದು, ಹೊಸ ಕುಪ್ಪಸ ತೊಟ್ಟು ಹೊರಡುತ್ತಿದ್ದಳು. ನಾನು ಹಿಂದೆ ಹಿಂದೆ ಫೈಲು ಹಿಡಿದು ನಡೆಯುತ್ತಿದ್ದೆ.

ಚಿಕಿತ್ಸೆ ಮುಗಿದ ಮೇಲೆ ನಾಲ್ಕು ತಿಂಗಳು ಅವಳು ನಿಜಕ್ಕೂ ಚೆನ್ನಾಗಿದ್ದಳು. ಆ ನಡುವೆ ಶ್ರಾವಣ ಬಂತು. ನಮ್ಮ ಕಡೆ ನಾಗರಪಂಚಮಿಗೆ ಅಣ್ಣತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುತ್ತಾರೆ. ಹದಿನಾರು ವರ್ಷದಲ್ಲಿ ಒಮ್ಮೆಯೂ ತಪ್ಪಿಸದ ಅವಳ ಅಣ್ಣ ಮಲ್ಲಣ್ಣ ಸೋಲಾಪುರದ ಮೇಲೆ ಹಾಯ್ದು ಔರಂಗಾಬಾದಿಗೆ ಬಂದ. ಡಾಕ್ಟರು ನನಗೆ ಮೊದಲೇ ಹೇಳಿದ್ದರು: ತವರಿಗೆ ಹೋಗಿಬರಲಿ, ಇದಕ್ಕಿಂತ ಒಳ್ಳೆಯ ಸಮಯ ಮತ್ತೆ ಸಿಗಲಿಕ್ಕಿಲ್ಲ. ನಾನು ಅಣ್ಣತಂಗಿಯರ ಎದುರು ನಿಂತು, "ಪ್ರಯಾಣ ಮಾಡಬಾರದು ಅಂದಾರ. ಮುಂದಿನ ಪಂಚಮಿಗೆ ಕಳಸ್ತೀನಿ" ಎಂದೆ.

ನನ್ನ ಹೆದರಿಕೆ ಏನೆಂದರೆ, ಅಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ. ಯಾರಾದರೂ ಅವಳನ್ನು ಗದಗಿನ ಡಾಕ್ಟರಿಗೆ ತೋರಿಸಿದರೆ ಕಾಗದ ನೋಡಿ ಅವಳ ಭಾಷೆಯಲ್ಲೇ ಹೇಳಿಬಿಟ್ಟಾರು. ಮಲ್ಲಣ್ಣ ತಂದಿದ್ದ ಶೇಂಗಾ ಉಂಡಿ, ಎಳ್ಳುಂಡಿ ಇಟ್ಟು ಮರುದಿನ ಒಬ್ಬನೇ ಹೋದ. ಗಿರಿಜಾ ಬಾಗಿಲಲ್ಲಿ ನಿಂತು, "ಮುಂದಿನ ವರ್ಷ ಎರಡು ಜೋಕಾಲಿ ಕಟ್ಟಿರು, ಎರಡೂ ವರ್ಷದ್ದು ಆಡತೀನಿ" ಎಂದು ಕೂಗಿ ಹೇಳಿದಳು.

ದೀಪಾವಳಿ ಕಳೆದದ್ದೇ ನೋವು ಶುರುವಾಯಿತು. ಸೊಂಟದಿಂದ ಕಾಲಿಗೆ ಇಳಿಯುವ ನೋವು. ಅವಳು ಕೌದಿಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಮಲಗುತ್ತಿದ್ದಳು. ಅಂಚಿನ ಹೊಲಿಗೆ ಬಿಚ್ಚಿ ಬಂದಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಇನ್ನು ತಮ್ಮಲ್ಲಿ ಮಾಡುವುದು ಉಳಿದಿಲ್ಲ ಎಂದರು. ನಾಸಿಕ್ ರೋಡ್ ಸ್ಟೇಷನ್ನಿನ ಆಚೆ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಒಂದು ಮನೆಯಿದೆ, ಇಂಥವರನ್ನು ಕೊನೆಯ ತನಕ ನೋಡಿಕೊಳ್ಳುತ್ತಾರೆ, ನೋವಿಗೆ ಔಷಧ ಕೊಡುತ್ತಾರೆ, ಮನೆಯವರೂ ಜೊತೆಗಿರಬಹುದು ಎಂದು ವಿಳಾಸ ಬರೆದುಕೊಟ್ಟರು.

ಬೇರೆ ಆಸ್ಪತ್ರೆ ನೋಡಿಬರುತ್ತೇನೆ ಎಂದು ಗಿರಿಜಾಗೆ ಹೇಳಿ, ನಾನೊಬ್ಬನೇ ಬಸ್ಸಿನಲ್ಲಿ ಹೋಗಿ ನೋಡಿದೆ. ಹೆಂಚಿನ ಮನೆ, ಹನ್ನೆರಡು ಮಂಚ, ಎದುರಿಗೆ ತುಳಸಿ, ದಾಸವಾಳ. ಔಷಧದ ಘಾಟಿಗಿಂತ ಒಗ್ಗರಣೆಯ ವಾಸನೆ ಜಾಸ್ತಿ. ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ಅಲ್ಲಿನ ಹಿರಿಯ ಸಿಸ್ಟರ್ ನನ್ನ ಹೆಸರು, ವಿಳಾಸ, ಊರು ಬರೆದುಕೊಳ್ಳುತ್ತಾ ತಲೆ ಎತ್ತಿದರು.

"ಗದಗದವರಾ? ಕನ್ನಡದವರಲ್ವಾ ಹಾಗಾದ್ರೆ! ಕೂತ್ಕೊಳ್ಳಿ ಮಾರಾಯ್ರೆ. ನಾನು ಮಂಗಳೂರಿನವಳು. ಕನ್ನಡ ಮಾತಾಡದೆ ಎಷ್ಟು ವರ್ಷ ಆಯ್ತು! ನಿಮ್ಮ ಹೆಂಡತಿಯ ಹತ್ತಿರ ದಿನಾ ಮಾತಾಡಬಹುದು ಇನ್ನು."

ಪರಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಯಾರಿಗಾದರೂ ಜೀವ ಬಂದಂತಾಗುತ್ತದೆ. ನಾನು ಮಾತ್ರ ಚಹಾ ಕೂಡ ಪೂರ್ತಿ ಕುಡಿಯದೆ, ಆಮೇಲೆ ತಿಳಿಸುತ್ತೇನೆ ಎಂದು ಎದ್ದುಬಂದೆ. ಮನೆಗೆ ಬಂದು ಗಿರಿಜಾಗೆ ಹೇಳಿದೆ: "ಅಲ್ಲಿ ಜಾಗಾ ಇಲ್ಲ. ಹಾಸಿಗಿ ಎಲ್ಲಾ ತುಂಬ್ಯಾವಂತ."

ಆರು ವಾರ. ನೋವಿಗೆ ಔಷಧ ಎಲ್ಲಿದೆ ಎಂದು ಗೊತ್ತಿದ್ದೂ, ಅಲ್ಲಿನ ಒಬ್ಬಾಕೆಗೆ ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ, ನಾನು ನನ್ನ ಹೆಂಡತಿಯನ್ನು ಆರು ವಾರ ನೋವಿನಲ್ಲಿ ಇಟ್ಟೆ. ಅವಳ ಮನಸ್ಸು ನೋಯಬಾರದು ಎಂದು ಹೀಗೆ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವಳಿಗೆ ಹೇಳುವಾಗ ಅವಳ ಮುಖ ನೋಡಬೇಕಲ್ಲ, ನಿಜಕ್ಕೂ ಹೆದರಿದ್ದು ಆ ಗಳಿಗೆಗೆ. ಉಳಿದದ್ದೆಲ್ಲ ನೆಪ.

ಸಿಸ್ಟರ್ ಕನ್ನಡದಲ್ಲೇ ಒಂದು ಕಾರ್ಡು ಬರೆದಿದ್ದರು. ಅದು ನನ್ನ ಕೈಗೆ ಸಿಕ್ಕಿತು, ಹರಿದು ಹಾಕಿದೆ. ಎರಡನೆಯದು ನಾನು ಕಚೇರಿಗೆ ಹೋಗಿದ್ದಾಗ ಬಂತು. ಸಂಜೆ ಬಂದು ನೋಡಿದರೆ ಗಿರಿಜಾ ಗೋಡೆಗೆ ಒರಗಿ ಕೂತಿದ್ದಳು, ಕಾರ್ಡು ತೊಡೆಯ ಮೇಲಿತ್ತು. ರೋಗದ ಹೆಸರೇನೂ ಅದರಲ್ಲಿರಲಿಲ್ಲ. ಮೊದಲ ಪತ್ರಕ್ಕೆ ಉತ್ತರ ಬರಲಿಲ್ಲ, ನೀವು ಬಂದು ಹೋದ ದಿನದಿಂದ ಒಂದು ಮಂಚ ಖಾಲಿ ಇಟ್ಟಿದ್ದೇವೆ, ನೋವು ತಡೆದುಕೊಳ್ಳುವ ಅಗತ್ಯವಿಲ್ಲ, ಔಷಧ ಇದೆ, ಕರೆದುಕೊಂಡು ಬನ್ನಿ, ಇಷ್ಟೇ.

"ಔಷಧ ಇತ್ತಂತಲ್ರಿ?" ಎಂದಳು.

ನಾನು ಚಪ್ಪಲಿ ಬಿಚ್ಚುವುದನ್ನೂ ಮರೆತು ನಿಂತೆ. "ನಾಳೆ ಹೋಗೂಣು" ಎಂದಳು.

ಮರುದಿನ ಬಾಡಿಗೆ ಮೋಟಾರಿನಲ್ಲಿ ಕರೆದುಕೊಂಡು ಹೋದೆ. ಅವಳನ್ನು ಮಂಚಕ್ಕೆ ಸೇರಿಸಿದ ಮೇಲೆ ಸಿಸ್ಟರನ್ನು ಹೊರಗೆ ಕರೆದು ಕೈಮುಗಿದೆ. "ಅವಳಿಗೆ ಏನೂ ಗೊತ್ತಿಲ್ಲ. ದಯವಿಟ್ಟು ಹೇಳಬೇಡಿ."

ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. "ನಾನಾಗಿ ಹೇಳುವುದಿಲ್ಲ. ಅವರು ಕೇಳಿದ್ರೆ ಸುಳ್ಳು ಹೇಳಲಿಕ್ಕೆ ನನಗೆ ಬರುವುದಿಲ್ಲ. ನೀವು ಹೇಳುವುದು ಒಳ್ಳೆಯದು. ನಾನು ಹತ್ತಿರ ಕೂತಿರ್ತೇನೆ" ಎಂದರು. ಒಳಗೆ ಹೊರಡುತ್ತಾ, "ಮೊದಲು ನೋವು ಇಳಿಯಲಿ. ನೋವಿದ್ದವರಿಗೆ ಎಂತದೂ ಕೇಳುವುದಿಲ್ಲ" ಎಂದರು.

ನಾಲ್ಕು ಗಂಟೆಗೊಮ್ಮೆ ಒಂದು ಸಣ್ಣ ಲೋಟದಲ್ಲಿ ಕಹಿ ಔಷಧ ಕೊಡುತ್ತಿದ್ದರು. ಎರಡನೆಯ ದಿನ ಗಿರಿಜಾ ಮಧ್ಯಾಹ್ನದ ತನಕ ನಿದ್ದೆ ಮಾಡಿದಳು. ಎದ್ದವಳೇ ಹಸಿವು ಎಂದಳು. ಅವಳ ಇಷ್ಟಲಿಂಗ ಪೂಜೆಗೆಂದು ಸಿಸ್ಟರ್ ಬೆಳಿಗ್ಗೆಯೇ ಒಂದು ತಟ್ಟೆ, ಒಂದು ಚಂಬು ನೀರು, ತಾವೇ ಕೊಯ್ದ ದಾಸವಾಳ ಇಟ್ಟುಹೋಗಿದ್ದರು. ತಿಂಗಳ ಮೇಲೆ ಅವಳು ಎದ್ದು ಕೂತು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿದಳು. ಇಷ್ಟು ಸುಲಭವಾಗಿ ನೋವು ಇಳಿದದ್ದನ್ನು ನೋಡಿ ನಾನು ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ.

ನಾಲ್ಕನೆಯ ದಿನ ಬಿಸಿಲಿಗೆಂದು ಅವಳನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ನಾನು ಕಣ್ಣಿನಲ್ಲೇ ಸಿಸ್ಟರನ್ನು ಕರೆದೆ. ಅವರು ಸ್ಟೂಲು ಎಳೆದುಕೊಂಡು ಕೂತರು. ನಾನು ಹೇಳಿದೆ. ಮೊದಲ ದಿನ ಡಾಕ್ಟರು ಹೇಳಿದ ಪ್ರತಿಯೊಂದು ಮಾತನ್ನೂ ಕನ್ನಡದಲ್ಲಿ ಹೇಳಿದೆ, ಈ ಸಲ ಏನನ್ನೂ ಬಿಡಲಿಲ್ಲ. ಗಿರಿಜಾ ಕೇಳಿಸಿಕೊಂಡಳು. ಅಳಲಿಲ್ಲ.

"ಮಲ್ಲಣ್ಣ ಬಂದಾಗ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಪ್ರಯಾಣ ಮಾಡಬಾರದು ಅಂತ ಡಾಕ್ಟರ್ ಅಂದಿದ್ದು ಖರೇನ?"

"ಇಲ್ಲ. ಹೋಗಿಬರಲಿ ಅಂದಿದ್ರು."

ಅವಳು ಸಿಸ್ಟರ ಕಡೆ ತಿರುಗಿ, "ಇವ್ರಿಗೆ ಹೊರಗ ಕುಂಡ್ರಾಕ ಹೇಳ್ರಿ" ಎಂದಳು.

ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾನು ಔರಂಗಾಬಾದಿಗೆ ಹೋಗಿಬಿಡುತ್ತೇನೆ ಎಂದು ಸಿಸ್ಟರಿಗೆ ಹೇಳಿದೆ. "ಯಾಕೆ? ಅವರು ಹೊರಗೆ ಕೂರಿ ಅಂದದ್ದಲ್ವಾ? ಹೊರಗೆ ಕೂರಿ. ಊರಿಗೆ ಹೋಗಿ ಅಂತ ಹೇಳಲಿಲ್ಲ" ಎಂದರು. ಸುಮ್ಮನೆ ಕೂರುವುದಕ್ಕೂ ಬಿಡಲಿಲ್ಲ. ಬೆನ್ನು ಹುಣ್ಣಾಗದಂತೆ ಹೇಗೆ ಮಗ್ಗುಲು ಬದಲಿಸಬೇಕು, ಒದ್ದೆ ಬಟ್ಟೆಯಿಂದ ಬಾಯಿ ಹೇಗೆ ಒರೆಸಬೇಕು, ಹಾಸಿಗೆಯಲ್ಲಿದ್ದವರ ಕೆಳಗಿನ ದುಪ್ಪಟಿ ಹೇಗೆ ಬದಲಿಸಬೇಕು, ಎಲ್ಲ ಕಲಿಸಿದರು. ಗಿರಿಜಾ ಕಣ್ಣು ಮುಚ್ಚಿಕೊಂಡು ನನ್ನಿಂದ ಈ ಸೇವೆ ಮಾಡಿಸಿಕೊಳ್ಳುತ್ತಿದ್ದಳು. ಹದಿನಾರು ವರ್ಷದಲ್ಲಿ ನಾನು ಅವಳ ಕಾಲು ಮುಟ್ಟಿದ್ದು ಅದೇ ಮೊದಲು.

ಪಕ್ಕದ ಕೋಣೆಯಲ್ಲಿ, ನಾಸಿಕ್ ಹತ್ತಿರದ ಅಂಬಡ್‌ನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಒಬ್ಬ ಮನುಷ್ಯ ಇದ್ದ. ಗಂಟಲಿನ ರೋಗ, ಮಾತು ನಿಂತಿತ್ತು. ಅವನ ಹೆಂಡತಿ ಶೇವಂತಾಬಾಯಿ ಇಬ್ಬರ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದಳು. ಬೀಡಿ ಸೇದಿದೆ ನೋಡು, ಅನುಭವಿಸು ಎಂದು ಬೈಯುತ್ತಲೇ ಅವನಿಗೆ ಗಂಜಿ ಕುಡಿಸುತ್ತಿದ್ದಳು. ಅವನು ಸ್ಲೇಟಿನ ಮೇಲೆ ತಿರುಗುಬಾಣ ಬರೆದು ತೋರಿಸುತ್ತಿದ್ದ. ಆಕೆಗೆ ಓದು ಬರುತ್ತಿರಲಿಲ್ಲ. ಸಿಕ್ಕವರ ಕೈಯಲ್ಲಿ ಓದಿಸಿಕೊಂಡು ಮತ್ತೆ ಬೈಯುತ್ತಿದ್ದಳು. ಸಾಯುವವನ ಜೊತೆ ಹೀಗೂ ಜಗಳವಾಡಬಹುದೇ ಎಂದು ನನಗೆ ದಂಗುಬಡಿಯಿತು.

ಮಾತು ಬಿಟ್ಟ ನಾಲ್ಕನೆಯ ದಿನ ಪಡಸಾಲೆಯಲ್ಲಿ ಶೇವಂತಾಬಾಯಿ ನನ್ನನ್ನು ನೋಡಿ ಗಿರಿಜಾಗೆ ಮರಾಠಿಯಲ್ಲಿ ಏನೋ ಅಂದು ಗಹಗಹಿಸಿ ನಕ್ಕಳು. ಗಿರಿಜಾ ನನ್ನ ಕಡೆ ನೋಡಿದಳು. ಕೇಳಬಾರದೆಂದುಕೊಂಡರೂ ಅವಳಿಗೆ ತಡೆಯಲಾಗಲಿಲ್ಲ.

"ಏನಂದ್ಲು?"

"ನಿನ್ನ ಗಂಡನ ಮಾರಿ ನೋಡವ್ವ, ಕದ್ದು ಹಾಲು ಕುಡಿದು ಗಡಿಗಿ ಒಡೆದ ಬೆಕ್ಕಿನಂಗ ಐತಿ ಅಂದ್ಲು."

ಗಿರಿಜಾ ನನ್ನನ್ನೇ ದಿಟ್ಟಿಸಿದಳು. "ಖರೇನ ಹಂಗ ಅಂದ್ಲು?"

"ಖರೇನ. ಇನ್ನೂ ಒಂದು ಮಾತು ಅಂದ್ಲು. ಇಂಥಾವನ್ನ ನಾಲ್ಕು ದಿನ ಉಪವಾಸ ಕೆಡವಬೇಕು ಅಂದ್ಲು."

ಅವಳು ನಕ್ಕಳು. ನಗುತ್ತಾ ನಗುತ್ತಾ ಅಳಲಿಕ್ಕೆ ಹತ್ತಿದಳು. ಶೇವಂತಾಬಾಯಿ ತಾನೇ ಏನೋ ತಪ್ಪು ಮಾಡಿದೆ ಎಂದು ಗಾಬರಿಯಾಗಿ ಗಂಡನ ಕೋಣೆಗೆ ಓಡಿದಳು. ಗಿರಿಜಾ ಅತ್ತು ಮುಗಿಸಿ, "ಒಳಗ ಬಂದು ಕುಂಡ್ರಿ" ಎಂದಳು.

ಆ ಮನೆಯಲ್ಲಿ ಸಿಸ್ಟರ್ ಗಂಡಹೆಂಡಿರಿಗೆಂದು ಒಂದು ಪದ್ಧತಿ ಮಾಡಿದ್ದರು. ಸಂಜೆಯ ಚಹಾದ ನಂತರ ಅರ್ಧ ತಾಸು ಅವರ ಕೋಣೆಗೆ ಯಾರೂ ಹೋಗುವುದಿಲ್ಲ. ಒಬ್ಬರು ಕೇಳಬೇಕು, ಒಬ್ಬರು ಹೇಳಬೇಕು. ಹೇಳಲಿಕ್ಕೆ ಆಗದಿದ್ದರೆ 'ಇವತ್ತು ಬೇಡ' ಎನ್ನಬಹುದು. ಸುಳ್ಳು ಮಾತ್ರ ಹೇಳಬಾರದು. ನಮ್ಮದು ಮಾತಿಗಿಂತ ಮೌನದ ಸಂಸಾರ. ಬಸ್ಸಿಗೆ ಚಿಲ್ಲರೆ ಇದೆಯೇ, ಪಲ್ಯಕ್ಕೆ ಉಪ್ಪು ಸರಿಯಿದೆಯೇ ಎನ್ನುವುದನ್ನು ಬಿಟ್ಟು ಏನೂ ಕೇಳಿದವರಲ್ಲ. ಮೊದಲ ಸಂಜೆ ಇಬ್ಬರೂ ಗೋಡೆ ನೋಡುತ್ತಾ ಅರ್ಧ ತಾಸು ಕಳೆದೆವು. ಎರಡನೆಯ ಸಂಜೆ ಅವಳು ಕೇಳಿದಳು, "ನಾ ಎಷ್ಟು ದಿನ ಇರತೀನಂತ?" ನನಗೆ ಗೊತ್ತಿದ್ದಷ್ಟು ಹೇಳಿದೆ. ಮೂರನೆಯ ಸಂಜೆ ನಾನು ಕೇಳಿದೆ, "ಹೆದರಿಕಿ ಆಗತೈತೇನು?" "ಹಗಲೊತ್ತು ಇಲ್ಲ" ಎಂದಳು. ಮರುದಿನ ಸಿಸ್ಟರ್ ನನ್ನ ಮಂಚವನ್ನು ಅವಳ ಮಂಚಕ್ಕೆ ಜೋಡಿಸಿ, ನಡುವಿನ ಸಂದಿಗೆ ಕಂಬಳಿ ಮಡಿಸಿ ತುರುಕಿದರು. ಅವಳ ಕೈ ಹಿಡಿದು ಮಲಗಿದೆ. ಮುಟ್ಟಿದರೆ ನೋಯಬಹುದೆಂದು ನಾನು ತಿಂಗಳುಗಟ್ಟಲೆ ದೂರ ಮಲಗಿದ್ದೆ. "ನಿಮಗ ಹೇಸಿಗಿ ಬಂದೈತಿ ಅಂದ್ಕೊಂಡಿದ್ದೆ" ಎಂದಳು.

ತಂತಿ ಕೊಟ್ಟು ಮಲ್ಲಣ್ಣನನ್ನು ಕರೆಸಿದೆ. ಅವನು ನಾಲ್ಕು ದಿನ ಇದ್ದು ತಂಗಿಯ ಕಾಲು ಒತ್ತಿದ. ನನ್ನ ಜೊತೆ ಒಂದೂ ಮಾತಾಡಲಿಲ್ಲ, ಮುಂದೆಯೂ ಆಡಲಿಲ್ಲ. ಹೋಗುವಾಗ ಕೊನೆಗೆ ಮಣ್ಣು ಊರಲ್ಲೇ ಆಗಬೇಕೆಂದು ಗಿರಿಜಾ ಹತ್ತಿರ ಹೇಳಿ ಹೋದ. ಅವತ್ತು ಸಂಜೆ ನಾನು ಅದನ್ನು ಕೇಳಿದೆ.

"ಊರಿಗೆ ಒಯ್ಯಬ್ಯಾಡ್ರಿ. ಜೀವ ಇದ್ದಾಗ ಹೋಗಲಿಲ್ಲ, ಈಗ್ಯಾಕ. ಇಲ್ಲೇ ಮಾಡ್ರಿ" ಎಂದಳು. ನಾಸಿಕ್‌ನಲ್ಲಿ ಬೀದರ್ ಕಡೆಯ ನಮ್ಮ ಜನದ ವ್ಯಾಪಾರಿಗಳಿದ್ದರು, ಅವರ ಹತ್ತಿರ ಹೋಗಿ ಮಣ್ಣಿನ ಜಾಗವನ್ನೂ ಜಂಗಮರನ್ನೂ ವಿಚಾರಿಸಿ ಬಂದೆ. ಬಂದು ಅವಳಿಗೆ ಎಲ್ಲ ವರದಿ ಒಪ್ಪಿಸಿದೆ. ಅಲ್ಲೊಂದು ಬೇವಿನ ಮರ ಇದೆ ಎಂದೆ. "ಹೌದೇನ್ರಿ?" ಎಂದು ಕೇಳಿ, ನಾನು ಸುಳ್ಳು ಹೇಳುತ್ತಿಲ್ಲ ಎಂದು ಮುಖ ನೋಡಿ ಖಾತ್ರಿ ಮಾಡಿಕೊಂಡಳು.

ಡಾಕ್ಟರಿಗೆ ಕೂಸಿನ ಬದಲು ಮೊಸರಿನ ಮಾತು ಕೇಳಿದ್ದನ್ನೂ ಒಂದು ಸಂಜೆ ಒಪ್ಪಿಕೊಂಡೆ. ಹೀಗೆ ಐದು ವಾರ ಬದುಕಿದೆವು. ಹದಿನಾರು ವರ್ಷದಲ್ಲಿ ಆಡದಷ್ಟು ಮಾತು ಆ ಐದು ವಾರದಲ್ಲಿ ಆಡಿದೆವು. ಅದಕ್ಕೆ ಮುಂಚಿನ ಆರು ವಾರವೂ ಅಲ್ಲೇ ಇದ್ದಿದ್ದರೆ, ಅದಕ್ಕೂ ಮುಂಚಿನ ತಿಂಗಳುಗಳೂ ನಮ್ಮವಾಗಿದ್ದರೆ ಎಂದು ಲೆಕ್ಕ ಹಾಕುವುದನ್ನು ನಾನು ಇಂದಿಗೂ ಬಿಟ್ಟಿಲ್ಲ. ಸಿಸ್ಟರ್ ಒಮ್ಮೆ, "ಹೆದರಿದ ಗಂಡಂದಿರು ನಮ್ಮಲ್ಲಿಗೆ ಬಹಳ ಬರ್ತಾರೆ, ನೀವೊಬ್ಬರೇ ಅಲ್ಲ" ಎಂದರು. ಒಳ್ಳೆಯ ಮಾತು. ನನ್ನ ತಪ್ಪು ಅದರಿಂದ ಸಣ್ಣದಾಗಲಿಲ್ಲ, ಹೊರುವುದು ಸ್ವಲ್ಪ ಸುಲಭವಾಯಿತು.

ಕೊನೆಯ ವಾರ ಅವಳ ದನಿ ಇಳಿದಿತ್ತು. ಆ ಸಂಜೆ ಕೇಳುವ ಪಾಳಿ ನನ್ನದು. ಇಷ್ಟು ದಿನ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಕೇಳಿದೆ.

"ನನ್ನ ಮಾಫ್ ಮಾಡೀಯೇನು, ಗಿರಿಜಾ?"

ಸಾಯುವವರು ಈ ಪ್ರಶ್ನೆಗೆ ಹೂಂ ಎನ್ನುತ್ತಾರೆ ಎಂದು ನಾನು ನಂಬಿದ್ದೆ. ಅವಳು ಬೆರಳು ಮಡಿಸುತ್ತಾ ಲೆಕ್ಕ ಹಿಡಿದು ಒಂದೊಂದಾಗಿ ಹೇಳಿದಳು.

"ಪಂಚಮಿದು ಮಾಡೀನ್ರಿ. ನೋವಿಂದೂ ಮಾಡೀನಿ." ಉಸಿರು ತೆಗೆದುಕೊಂಡಳು. "ಆ ಕೂಸಿಂದು ಆಗವಲ್ದು. ದಿನಾ ನೋಡತೀನಿ, ಆಗವಲ್ದು. ಮಾಡೀನಿ ಅಂತ ಅನ್ನಲೇನು?"

"ಬ್ಯಾಡ" ಎಂದೆ.

ಅವಳು ತಲೆಯಾಡಿಸಿ, ಬಾಯಿ ಒಣಗಿದೆ ಎಂದು ಸನ್ನೆ ಮಾಡಿದಳು. ನಾನು ಬಟ್ಟೆ ಅದ್ದಿ ಅವಳ ತುಟಿ ಒರೆಸಿದೆ.